ಅಂತರ ಕಾಲೇಜು ವಾಲಿಬಾಲ್‌ಗೆ 8 ವಾರ ಇದೆ, ಜಿಮ್ ಇಲ್ಲ. ಹುಡುಗಿಯರ ತಂಡವನ್ನು ಅಣಿ ಮಾಡುವುದು ಹೇಗೆ?

ಪಿಇ_ಮೇಡಂ_ತುಮಕೂರು

ಪದವಿ ಕಾಲೇಜಿನ ಹುಡುಗಿಯರ ತಂಡ, 14 ಜನ. ಪಂದ್ಯಾವಳಿಗೆ ಇನ್ನು 8 ವಾರ. ನಾಕೌಟ್ ಆದ್ದರಿಂದ ಎರಡು ದಿನದಲ್ಲಿ ಮುಗಿಯುತ್ತದೆ. ಫೈನಲ್ ತನಕ ಹೋದರೆ ಒಂದೇ ದಿನ ಮೂರು ಮ್ಯಾಚ್ ಬಂದರೂ ಬಂತು. ಪರೀಕ್ಷೆ, ರಜೆ ಅಂತ ಎರಡು ತಿಂಗಳಿಂದ ಯಾರೂ ಚೆಂಡು ಮುಟ್ಟಿಲ್ಲ.

ನಮ್ಮಲ್ಲಿ ಇರುವುದು ಒಂದು ಮಣ್ಣಿನ ಕೋರ್ಟ್, ಉದ್ದ ಜಿಗಿತದ ಮರಳು ಗುಂಡಿ, ಒಂದು ಸಿಂಗಲ್ ಬಾರ್, 8 ಚೆಂಡು. ಬೆಳಿಗ್ಗೆ 6ರಿಂದ 7.15, ಸಂಜೆ 4.30ರಿಂದ 6, ವಾರಕ್ಕೆ ಐದು ದಿನ ಸಿಗುತ್ತಾರೆ.

ಈವರೆಗಿನ ಪದ್ಧತಿ: ಬೆಳಿಗ್ಗೆ ಡಾಂಬರು ರಸ್ತೆಯಲ್ಲಿ 5 ಕಿ.ಮೀ. ಓಟ, 100 ಬಸ್ಕಿ, ಗ್ರೌಂಡಿಗೆ ಒಂದು ಸುತ್ತು ಕಪ್ಪೆ ಜಿಗಿತ. ಸಂಜೆ ಸ್ಮ್ಯಾಶ್, ಆಮೇಲೆ ಆಟ. ಪ್ರತಿ ಸೀಸನ್‌ನಲ್ಲೂ ಮೂರನೇ ವಾರಕ್ಕೆ ಸರಿಯಾಗಿ ನಾಲ್ಕೈದು ಜನ ಕಣಕಾಲು (ಮಂಡಿಗೂ ಪಾದದ ಗಂಟಿಗೂ ನಡುವಿನ ಭಾಗ) ನೋವು, ಮಂಡಿ ನೋವು ಅಂತ ಕೂತುಬಿಡುತ್ತಾರೆ. ಎಲ್ಲಿ ಕಡಿಮೆ ಮಾಡಬೇಕು, ಏನು ಸೇರಿಸಬೇಕು? ಅಂಕಿ ಸಮೇತ ಹೇಳಿದರೆ ಉಪಕಾರ.

ಜಿಗಿತದ_ಲೆಕ್ಕ

ಮೇಡಂ, ಮೂರನೇ ವಾರಕ್ಕೆ ಕೂರುವುದು ಹುಡುಗಿಯರ ಸೋಮಾರಿತನ ಅಲ್ಲ. ಓಟ, ತಾಲೀಮಿಗೆ ಉಸಿರು ಎರಡು ವಾರದಲ್ಲಿ ಒಗ್ಗುತ್ತದೆ, ಮಾಂಸಖಂಡಕ್ಕೆ ಮೂರು ನಾಲ್ಕು ವಾರ ಬೇಕು, ಮೂಳೆಗೂ, ಮಾಂಸಖಂಡವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜಿಗೂ ತಿಂಗಳುಗಟ್ಟಲೆ. ಮೂರನೇ ವಾರದ ಹೊತ್ತಿಗೆ ಏದುಸಿರು ನಿಂತಿರುತ್ತದೆ, ಹುಮ್ಮಸ್ಸು ಬಂದಿರುತ್ತದೆ, ನೀವೂ ಜೋರು ಮಾಡುತ್ತೀರಿ. ಮೂಳೆ ಮಾತ್ರ ಇನ್ನೂ ಮೊದಲನೇ ವಾರದಲ್ಲೇ ಇರುತ್ತದೆ. 5 ಕಿ.ಮೀ. ಅಂದರೆ ಏನಿಲ್ಲವೆಂದರೂ 5,000 ಹೆಜ್ಜೆ, ಪ್ರತಿ ಹೆಜ್ಜೆಗೂ ಮೈತೂಕದ ಎರಡು ಎರಡೂವರೆ ಪಟ್ಟು ಭಾರ, ಅದೂ ಡಾಂಬರಿನ ಮೇಲೆ. ಅದರ ಮೇಲೆ ಕಪ್ಪೆ ಜಿಗಿತ, ಸಂಜೆಗೆ ಸ್ಮ್ಯಾಶ್.

ಮೊದಲು ಮಾಡಬೇಕಾದ್ದು ಒಂದೇ ಕೆಲಸ: ಜಿಗಿತ ಎಣಿಸಿ. ಬೆಳಗಿನ ವ್ಯಾಯಾಮದ ಜಿಗಿತ, ಸಂಜೆಯ ಸ್ಮ್ಯಾಶ್, ಬ್ಲಾಕ್, ಜಂಪ್ ಸರ್ವ್, ಎಲ್ಲವೂ ಒಂದೇ ಖಾತೆಗೆ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬಳು ಜಿಗಿದರೆ ಇನ್ನೊಬ್ಬಳು ಎಣಿಸಲಿ. ಪ್ರತಿಯೊಬ್ಬಳಿಗೆ ಜಿಗಿತದ ದಿನಗಳು ಸೋಮ, ಬುಧ, ಶುಕ್ರ ಮಾತ್ರ:

1ನೇ ವಾರ ದಿನಕ್ಕೆ 40
2ನೇ ವಾರ 50
3ನೇ ವಾರ 65
4ನೇ ವಾರ 45 (ಬೇಕೆಂದೇ ಇಳಿಸಿದ್ದು)
5ನೇ ವಾರ 75
6ನೇ ವಾರ 90
7ನೇ ವಾರ 100
8ನೇ ವಾರ 50, ಅದೂ ಎರಡೇ ದಿನ

ಇದೇನು ಶಿಲಾಶಾಸನ ಅಲ್ಲ. ಸೆಂಟರ್ ಬ್ಲಾಕರ್‌ಗೆ ಹತ್ತು ಹದಿನೈದು ಜಾಸ್ತಿ ಆಗಬಹುದು, ಲಿಬೆರೊಗೆ (ಹಿಂದಿನ ಸಾಲಿನಲ್ಲಿ ಚೆಂಡು ಎತ್ತುವ ರಕ್ಷಣಾ ಆಟಗಾರ್ತಿ) ಅರ್ಧ ಸಾಕು. ನಾಲ್ಕನೇ ವಾರ ಇಳಿಸುವುದನ್ನು ಮಾತ್ರ ಬಿಡಬೇಡಿ. "ಚೆನ್ನಾಗಿ ಹೋಗ್ತಾ ಇದೆ, ಯಾಕೆ ನಿಲ್ಲಿಸೋದು" ಅನ್ನಿಸುವುದು ಆ ವಾರದಲ್ಲೇ.

ಮೊದಲ ಮೂರು ವಾರ ಹಾರುವುದಕ್ಕಿಂತ ಇಳಿಯುವುದನ್ನು ಕಲಿಸಿ. ಎರಡು ಮೆಟ್ಟಿಲಿನ ಎತ್ತರ, ಅಂದರೆ ಸುಮಾರು 30 ಸೆಂ.ಮೀ. ಸಾಕು. ಅಲ್ಲಿಂದ ಹಾರಬಾರದು, ಒಂದು ಕಾಲು ಮುಂದಿಟ್ಟು ಸುಮ್ಮನೆ ಕೆಳಗೆ ಬೀಳಬೇಕು. ಎರಡೂ ಪಾದ ಒಟ್ಟಿಗೆ, ಮುಂಗಾಲು ಮೊದಲು, ಹಿಮ್ಮಡಿ ಆಮೇಲೆ. ಮಂಡಿ ಬಗ್ಗಬೇಕು, ಸೊಂಟ ಹಿಂದಕ್ಕೆ ಹೋಗಬೇಕು, ಹಾಗೇ 2 ಸೆಕೆಂಡು ಕದಲದೆ ನಿಲ್ಲಬೇಕು. 5 ಸಲದ 3 ಸುತ್ತು. ಎರಡು ಪರೀಕ್ಷೆ: ಧಪ್ ಅಂತ ಸದ್ದು ಬಂದರೆ ತಪ್ಪು, ಮಂಡಿಗಳು ಒಂದಕ್ಕೊಂದು ಒಳಕ್ಕೆ ವಾಲಿದರೆ ಇನ್ನೂ ದೊಡ್ಡ ತಪ್ಪು. ಹುಡುಗಿಯರಲ್ಲಿ ಮಂಡಿಯೊಳಗೆ ಮೂಳೆಗಳನ್ನು ಕಟ್ಟಿಹಿಡಿಯುವ ಎಸಿಎಲ್ ಎಂಬ ರಜ್ಜು ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು, ಹರಿಯುವುದೂ ಸಾಮಾನ್ಯವಾಗಿ ಹೀಗೆ ಮಂಡಿ ಒಳಕ್ಕೆ ವಾಲಿದ ಗಳಿಗೆಯಲ್ಲಿ. ಮುಂದಿನಿಂದ ಫೋನಿನಲ್ಲಿ ಸ್ಲೋ ಮೋಷನ್ ತೆಗೆದು ಅವರಿಗೇ ತೋರಿಸಿ. ಬಾಯಲ್ಲಿ ಹತ್ತು ಸಲ ಹೇಳುವುದಕ್ಕಿಂತ ಬೇಗ ತಿದ್ದಿಕೊಳ್ಳುತ್ತಾರೆ.

ಉಳಿದ ಜಿಗಿತ ಮೊದಲೆರಡು ವಾರ ಮರಳು ಗುಂಡಿಯಲ್ಲಿ. ಬಡಿತ ಕಡಿಮೆ, ಮೈಕೈ ನೋವೂ ಕಡಿಮೆ. ಆದರೆ ಮರಳಿನಲ್ಲೇ ಇದ್ದುಬಿಟ್ಟರೆ ಕಾಲು ನೆಲ ಬಿಡುವ ಚುರುಕು ಬರುವುದಿಲ್ಲ, ಮೂರನೇ ವಾರದಿಂದ ಕೋರ್ಟಿಗೆ ಬನ್ನಿ. ಹಾಂ, ಮೊದಲು ಗುಂಡಿ ಅಗೆಸಿ, ಗಾಜು ಕಲ್ಲು ಆರಿಸಿ.

ಬಲ ಬೆಳೆಸುವ ಕೆಲಸ ಸೋಮ, ಶುಕ್ರ ಬೆಳಿಗ್ಗೆ. ಕಷ್ಟದ ದಿನ ಪೂರ್ತಿ ಕಷ್ಟವಾಗಿರಲಿ, ಹಗುರ ದಿನ ನಿಜಕ್ಕೂ ಹಗುರ ಇರಲಿ. ಪ್ರತಿದಿನ ಅರೆಬರೆ ಸುಸ್ತು ಮಾಡಿಸುವುದರಿಂದ ಯಾವುದೂ ಬೆಳೆಯುವುದಿಲ್ಲ.

ಹಿಂಗಾಲನ್ನು ಬೆಂಚಿನ ಮೇಲಿಟ್ಟು ಒಂಟಿ ಕಾಲಿನ ಸ್ಕ್ವಾಟ್: ಕಾಲಿಗೆ 8ರಂತೆ 3 ಸುತ್ತು, ಇಳಿಯಲು 3 ಸೆಕೆಂಡು. ಮೊದಲ ವಾರ ಬರಿಗೈ, ಆಮೇಲೆ ಮರಳು ಚೀಲ ಎದೆಗಪ್ಪಿ.

ಬೆನ್ನು ನೇರ ಇಟ್ಟು ಸೊಂಟದಿಂದ ಬಗ್ಗಿ ಚೀಲ ಎತ್ತುವುದು: 8ರ 3 ಸುತ್ತು. ತೊಡೆಯ ಹಿಂಭಾಗ ಬಿಗಿಯಾಗಬೇಕು. ಸೊಂಟದ ಮೂಳೆ ಹತ್ತಿರ ನೋಯ್ದರೆ ಬೆನ್ನು ಗೂನಾಗಿದೆ ಎಂದರ್ಥ.

ನಾರ್ಡಿಕ್: ಮಂಡಿಯೂರಿ ಕೂತವಳ ಹಿಮ್ಮಡಿಗಳನ್ನು ಜೊತೆಗಾತಿ ಒತ್ತಿ ಹಿಡಿಯಬೇಕು, ಆಕೆ ಮೈ ನೇರ ಇಟ್ಟು ನಿಧಾನಕ್ಕೆ ಮುಂದಕ್ಕೆ ವಾಲಬೇಕು, ತಡೆಯಲಾಗದಾಗ ಅಂಗೈ ಊರಿಕೊಳ್ಳಬೇಕು. ಮೊದಲ ವಾರ 3ರ 2 ಸುತ್ತು, ಅಷ್ಟೇ. ಮೊದಲ ದಿನವೇ 20 ಮಾಡಿಸಿದರೆ ಮೂರು ದಿನ ಮೆಟ್ಟಿಲು ಇಳಿಯಲಾಗದು.

ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು: 12ರ 3 ಸುತ್ತಿನಿಂದ 20ರ 3 ಸುತ್ತಿನವರೆಗೆ. ಒಂದು ಸುತ್ತು ಮಂಡಿ ನೇರ, ಒಂದು ಸುತ್ತು ಮಂಡಿ ಬಗ್ಗಿಸಿ. ಕಣಕಾಲು ನೋವಿನವರಿಗೆ ಎಲ್ಲಕ್ಕಿಂತ ಮುಖ್ಯ ಇದೇ.

ಸಿಂಗಲ್ ಬಾರ್: ಕುರ್ಚಿ ಹತ್ತಿ ಗಲ್ಲವನ್ನು ಬಾರಿನ ಮೇಲಿಟ್ಟುಕೊಂಡು, ಕಾಲು ಬಿಟ್ಟು, 5 ಸೆಕೆಂಡಿನಲ್ಲಿ ಇಳಿಯುವುದು, 4ರ 3 ಸುತ್ತು. ಜೊತೆಗೆ ದಂಡ 8ರ 3 ಸುತ್ತು, ಪಕ್ಕಕ್ಕೆ ಮಲಗಿ ಮೊಣಕೈ ಮೇಲೆ ಮೈ ಎತ್ತಿ ಹಿಡಿಯುವುದು 30 ಸೆಕೆಂಡು.

ಬಸ್ಕಿ ಬಗ್ಗೆ ಯಾರಾದರೂ ಜಗಳಕ್ಕೆ ಬರುತ್ತಾರೆ, ಮೊದಲೇ ಹೇಳಿಬಿಡುತ್ತೇನೆ. ಬಸ್ಕಿ ಕೆಟ್ಟದ್ದಲ್ಲ, ವಾರ್ಮ್‌ಅಪ್‌ಗೆ 15 ಹೊಡೆಸಿ. ಆದರೆ 25 ದಾಟಿದ ಮೇಲೆ ಹೆಚ್ಚುವುದು ತಾಳಿಕೆ, ಬಲ ಅಲ್ಲ. ಉತ್ತರ ಕರ್ನಾಟಕದಲ್ಲಿ ಸಂಗ್ರಾಣಿ ಕಲ್ಲು ಎತ್ತುವವರು ಹಗುರ ಕಲ್ಲನ್ನು ನೂರು ಸಲ ಎತ್ತಿ ತಯಾರಾಗುವುದಿಲ್ಲ, ಭಾರ ಏರಿಸುತ್ತಾ ಹೋಗುತ್ತಾರೆ. ಕಪ್ಪೆ ಜಿಗಿತವನ್ನು ಮಾತ್ರ ಪೂರ್ತಿ ಬಿಟ್ಟುಬಿಡಿ. ಮಂಡಿ ಪೂರಾ ಮಡಚಿ, ಸುಸ್ತಾದ ಕಾಲಲ್ಲಿ, ಎಣಿಕೆಯಿಲ್ಲದೆ ಹಾರುವುದು. ವಾಲಿಬಾಲ್‌ನಲ್ಲಿ ಆ ಭಂಗಿಯಿಂದ ಯಾರೂ ಹಾರುವುದೇ ಇಲ್ಲ.

ಐದನೇ ವಾರದಿಂದ ನಿಜವಾದ ಜಿಗಿತ: ನಿಂತಲ್ಲಿಂದ ಉದ್ದ ಜಿಗಿತ 4ರ 3 ಸುತ್ತು, 30 ಸೆಂ.ಮೀ. ಎತ್ತರದ ಐದು ತಡೆಗಳನ್ನು ಸಾಲಾಗಿ ಹಾರುವುದು 4 ಸುತ್ತು, ಓಡಿಬಂದು ಎತ್ತರಕ್ಕೆ ಮುಟ್ಟುವುದು 4ರ 3 ಸುತ್ತು. ಸುತ್ತುಗಳ ನಡುವೆ ಒಂದೂವರೆ ನಿಮಿಷ ಬಿಡುವು. ಬಿಡುವು ಕೊಡುವಾಗ ಟೈಮ್ ವೇಸ್ಟ್ ಅನ್ನಿಸುತ್ತದೆ, ಅನ್ನಿಸಲಿ. ಇದು ಸುಸ್ತು ಮಾಡಿಸುವ ವ್ಯಾಯಾಮ ಅಲ್ಲ.

ಫಲ ಬಂತೋ ಇಲ್ಲವೋ ನೋಡಲು ಗೋಡೆ, ಸೀಮೆಸುಣ್ಣ ಸಾಕು. ನಿಂತು ಕೈ ಚಾಚಿ ಒಂದು ಗೆರೆ, ಹಾರಿ ಒಂದು ಗೆರೆ, ನಡುವಿನ ಅಂತರ ಬರೆದಿಡಿ. ಮೂರು ಯತ್ನದಲ್ಲಿ ಉತ್ತಮವಾದದ್ದು. 1, 4, 7ನೇ ವಾರ, ಯಾವಾಗಲೂ ಸೋಮವಾರ ಬೆಳಿಗ್ಗೆ ವಾರ್ಮ್‌ಅಪ್ ಆದ ಮೇಲೆ. ನಾಲ್ಕನೇ ವಾರ ಒಬ್ಬಳದ್ದು 3 ಸೆಂ.ಮೀ.ಗಿಂತ ಹೆಚ್ಚು ಕುಸಿದಿದ್ದರೆ ಆಕೆಗೆ ಬೇಕಾದ್ದು ಬೈಗುಳ ಅಲ್ಲ, ನಿದ್ದೆ.

ಮಣ್ಣಿನ_ಕೋರ್ಟ್

ಮೇಲಿನವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ಓಟದ ಬಗ್ಗೆ ಅವರು ಹೇಳಿದ್ದನ್ನು ಓದಿ ಓಟವನ್ನೇ ಕಿತ್ತುಹಾಕಬೇಡಿ. ಒಂದು ರ‍್ಯಾಲಿ 5ರಿಂದ 10 ಸೆಕೆಂಡು, ಆಮೇಲೆ ಅದರ ದುಪ್ಪಟ್ಟು ಬಿಡುವು. ಒಂದು ಮ್ಯಾಚ್‌ಗೆ ಅಷ್ಟು ದಮ್ಮು ಸಾಕು, ಸರಿ. ಅಂತರ ಕಾಲೇಜಿನಲ್ಲಿ ಸೋಲುವುದು ಮೂರನೇ ಮ್ಯಾಚ್‌ನ ಮೂರನೇ ಸೆಟ್‌ನಲ್ಲಿ. ಎರಡು ರ‍್ಯಾಲಿ ನಡುವೆ, ಎರಡು ಮ್ಯಾಚ್ ನಡುವೆ ಬೇಗ ಚೇತರಿಸಿಕೊಳ್ಳಲು ಉಸಿರಿನ ಬುನಾದಿ ಬೇಕೇ ಬೇಕು. 5 ಕಿ.ಮೀ. ಡಾಂಬರಿನ ಬದಲು ಹುಲ್ಲಿನ ಮೇಲೆ ಅಥವಾ ಮಣ್ಣಿನ ಟ್ರ್ಯಾಕ್‌ನಲ್ಲಿ 100 ಮೀ., ಪೂರ್ತಿ ವೇಗದ ಶೇ 70ರಷ್ಟರಲ್ಲಿ, ನಡೆದು ವಾಪಸ್. ಮೊದಲ ವಾರ 8, ಮೂರನೇ ವಾರಕ್ಕೆ 12. ಮಂಗಳವಾರ, ಗುರುವಾರ ಬೆಳಿಗ್ಗೆ. ಓಡುವಾಗ ಪಕ್ಕದವಳ ಜೊತೆ ಒಂದು ವಾಕ್ಯ ಮಾತಾಡುವಷ್ಟು ಉಸಿರಿರಬೇಕು. ಕಣಕಾಲು ನೋವಿನವರಿಗೆ ಅದರ ಬದಲು 20 ನಿಮಿಷ ಸೈಕಲ್.

ನಾಲ್ಕನೇ ವಾರದಿಂದ ಅದೇ ದಿನಗಳಲ್ಲಿ ಕೋರ್ಟ್ ಓಟ. ಹಿಂಗೆರೆಯಿಂದ ಅಟ್ಯಾಕ್ ಲೈನ್ 6 ಮೀ., ಹೋಗಿ ಬಾ. ನಡುಗೆರೆ 9 ಮೀ., ಹೋಗಿ ಬಾ. ಒಟ್ಟು 30 ಮೀ., ಮೂರು ಸಲ ತಿರುಗುವುದು. 8-9 ಸೆಕೆಂಡಿನಲ್ಲಿ ಮುಗಿಯಬೇಕು, 20 ಸೆಕೆಂಡು ಬಿಡುವು, 6 ಸಲ. ಅದು ಒಂದು ಸುತ್ತು. 3 ನಿಮಿಷ ಬಿಟ್ಟು ಇನ್ನೊಂದು. ಆರನೇ ವಾರಕ್ಕೆ ಮೂರು ಸುತ್ತು. ಕೊನೆಯ ಓಟ ಮೊದಲನೆಯದಕ್ಕಿಂತ ಒಂದು ಸೆಕೆಂಡು ತಡವಾದರೆ ಅಲ್ಲಿಗೆ ನಿಲ್ಲಿಸಿ. ತಿರುಗುವಾಗ ಸೊಂಟ ತಗ್ಗಿರಬೇಕು. ನೆಟ್ಟಗೆ ನಿಂತು ತಿರುಗುವವಳೇ ಪಾದದ ಗಂಟು ಉಳುಕಿಸಿಕೊಳ್ಳುವುದು.

ಕೋರ್ಟ್ ಬಗ್ಗೆ ಯಾರೂ ಮಾತೆತ್ತಿಲ್ಲ. ತಯಾರಿ ಶುರುವಾಗುವ ಮುಂಚಿನ ದಿನ ಕೋರ್ಟಿಗೆ ನೀರು ಹಾಯಿಸಿ, ಅರ್ಧ ಆರಿದ ಮೇಲೆ ರೋಲರ್ ಎಳೆಸಿ. ರೋಲರ್ ಇಲ್ಲದಿದ್ದರೆ ದಿಮ್ಮಸು. ನೆಟ್‌ನಿಂದ ಒಂದು ಮೀಟರ್ ಒಳಗೆ ಎಲ್ಲರೂ ಇಳಿಯುವ ಜಾಗ ತಟ್ಟೆಯ ಹಾಗೆ ತಗ್ಗಾಗಿರುತ್ತದೆ, ಅದನ್ನು ಬೇರೆಯಾಗಿ ಮಣ್ಣು ಹಾಕಿ ಗಟ್ಟಿ ಮಾಡಿ. ಗೆರೆಗೆ ಪಟ್ಟಿ ಕಟ್ಟಿದ್ದರೆ ಮೂಲೆಗಳ ಮೊಳೆ ತಲೆ ನೆಲದ ಮಟ್ಟಕ್ಕಿಂತ ಕೆಳಗಿದೆಯೇ ನೋಡಿ. ಸಡಿಲ ಪಟ್ಟಿಗೆ ಬೆರಳು ಸಿಕ್ಕಿ ಬಿದ್ದರೆ ಎಂಟು ವಾರದ ತಯಾರಿ ನೀರಲ್ಲಿ ಹೋಮ.

ನೆಟ್ ಎತ್ತರ ಹೆಂಗಸರಿಗೆ 2.24 ಮೀ., ಅಳೆಯಬೇಕಾದ್ದು ಕೋರ್ಟಿನ ನಡುಮಧ್ಯದಲ್ಲಿ. ಎರಡು ಬದಿಯ ಗೆರೆಗಳ ಮೇಲೆ 2 ಸೆಂ.ಮೀ.ಗಿಂತ ಹೆಚ್ಚು ಏರಿರಬಾರದು. ಊರ ಕಡೆ ಕಂಬದ ಹತ್ತಿರ ಅಳೆದು ಸರಿಯಿದೆ ಅನ್ನುತ್ತಾರೆ, ನಡುವೆ ನೆಟ್ ಹತ್ತು ಸೆಂ.ಮೀ. ಜೋತಿರುತ್ತದೆ. ಆ ನೆಟ್‌ನಲ್ಲಿ ಎರಡು ತಿಂಗಳು ಸ್ಮ್ಯಾಶ್ ಮಾಡಿದವಳಿಗೆ ಪಂದ್ಯದ ದಿನ ಎಲ್ಲ ಚೆಂಡೂ ಬಿಳಿ ಪಟ್ಟಿಗೆ ಬಡಿಯುತ್ತವೆ. ಚೆಂಡಿನ ಗಾಳಿ ಪ್ರತಿ ಚದರ ಸೆಂ.ಮೀ.ಗೆ 0.30ರಿಂದ 0.325 ಕೆ.ಜಿ. ಕಲ್ಲಿನಂತೆ ಗಾಳಿ ತುಂಬಿದ ಚೆಂಡು ಹುಡುಗಿಯರ ಮುಂಗೈ ಕೆಂಪಾಗಿಸುವುದಷ್ಟೇ ಅಲ್ಲ, ಭುಜಕ್ಕೂ ಹೊರೆ.

ಫಿಸಿಯೋ_ಮೈಸೂರು

ಪಿಇ ಮೇಡಂ, ನೋವಿನ ವಿಚಾರ ಬೇರೆ ಬೇರೆ ಮಾಡಿ ಹೇಳುತ್ತೇನೆ. "ಕಾಲು ನೋವು" ಅಂತ ಒಂದೇ ಡಬ್ಬಿಗೆ ಹಾಕಿದರೆ ತಪ್ಪಾಗುತ್ತದೆ.

ಕಣಕಾಲು. ಮೂಳೆಯ ಒಳಬದಿಯ ಅಂಚನ್ನು ಬೆರಳಿನಿಂದ ಮೇಲಿನಿಂದ ಕೆಳಗೆ ಒತ್ತುತ್ತಾ ಬನ್ನಿ. ಒಂದು ಗೇಣು ಉದ್ದಕ್ಕೂ ನೋಯುತ್ತಿದ್ದು, ವಾರ್ಮ್‌ಅಪ್ ಆದ ಮೇಲೆ ಕಡಿಮೆಯಾದರೆ ಅದು ಮೂಳೆಯ ಮೇಲ್ಪದರದ ಒತ್ತಡ. ಒಂದೆರಡು ವಾರ ಓಟ, ಜಿಗಿತ ಇಳಿಸಿ ಹಿಮ್ಮಡಿ ವ್ಯಾಯಾಮ ಮುಂದುವರಿಸಿದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಆದರೆ ಒಂದು ಬೆರಳ ತುದಿಯಷ್ಟು ಜಾಗದಲ್ಲೇ ಜೀವ ಹೋಗುವಂತೆ ನೋಯ್ದರೆ, ರಾತ್ರಿ ಮಲಗಿದಾಗಲೂ ನೋಯ್ದರೆ, ಒಂಟಿ ಕಾಲಲ್ಲಿ ಕುಪ್ಪಳಿಸಲು ಆಗದಿದ್ದರೆ ಮೂಳೆ ಬಿರುಕಿನ ಅನುಮಾನ. ಆ ದಿನವೇ ಜಿಗಿತ ಬಂದ್, ಮೂಳೆ ಡಾಕ್ಟರ ಹತ್ತಿರ ಕಳಿಸಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದೆ ಇರಬಹುದು. "ಎಕ್ಸ್‌ರೇ ಕ್ಲಿಯರ್, ಆಡು" ಅನ್ನುವುದು ಅಪಾಯದ ಮಾತು, ಅನುಮಾನ ಉಳಿದರೆ ಎಂಆರ್‌ಐ ಬೇಕು.

ಇದೇ ಜಾಗದಲ್ಲಿ ಸಂಕೋಚ ಬಿಟ್ಟು ಒಂದು ಪ್ರಶ್ನೆ ಕೇಳಿ: ಮುಟ್ಟು ಸರಿಯಾಗಿ ಆಗುತ್ತಿದೆಯೇ? ಮೂರು ತಿಂಗಳು ನಿಂತಿದ್ದರೆ ತಿನ್ನುವುದು ಸಾಲುತ್ತಿಲ್ಲ ಎಂಬುದರ ಲಕ್ಷಣ ಇರಬಹುದು, ಮೂಳೆ ಸೊರಗುತ್ತಿರುತ್ತದೆ. ಡಾಕ್ಟರಿಗೆ ತೋರಿಸಲೇಬೇಕು. ಬೆಳಗಿನ ಅಭ್ಯಾಸಕ್ಕೆ ಖಾಲಿ ಹೊಟ್ಟೆಯಲ್ಲಿ ಬಂದು, ಬಸ್ ಹಿಡಿಯುವ ಅವಸರದಲ್ಲಿ ತಿಂಡಿ ಬಿಟ್ಟು, ಮಧ್ಯಾಹ್ನ ಒಂದು ಡಬ್ಬಿ ಚಿತ್ರಾನ್ನದಲ್ಲಿ ದಿನ ತಳ್ಳುವ ಹುಡುಗಿಯರು ಪ್ರತಿ ತಂಡದಲ್ಲೂ ಇರುತ್ತಾರೆ. ಅಭ್ಯಾಸಕ್ಕೆ ಮುಂಚೆ ಒಂದು ಬಾಳೆಹಣ್ಣು, ಮುಗಿದ ಅರ್ಧ ಗಂಟೆಯೊಳಗೆ ಎರಡು ಮೊಟ್ಟೆ ಅಥವಾ ಒಂದು ಹಿಡಿ ಹುರಿದ ಕಡಲೆಕಾಯಿ ಮತ್ತು ಒಂದು ಲೋಟ ಹಾಲು. ಕಾಲೇಜಿನ ಕ್ರೀಡಾ ನಿಧಿಯಲ್ಲಿ ಜೆರ್ಸಿಗೆ ಮೊದಲು ಇದಕ್ಕೆ ಖರ್ಚು ಮಾಡಿ ಅಂತ ನನ್ನ ವಾದ.

ಹಿಮೋಗ್ಲೋಬಿನ್ ಕೂಡ ಮೊದಲ ವಾರವೇ ಮಾಡಿಸಿ. ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಅಂಥವಳು ಕೋರ್ಟ್ ಓಟದ ಎರಡನೇ ಸುತ್ತಿಗೇ ಮಂಕಾಗುತ್ತಾಳೆ, ನಾವು "ದಮ್ಮಿಲ್ಲ" ಅಂತ ಇನ್ನೂ ಓಡಿಸುತ್ತೇವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಆಗುತ್ತದೆ. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ ಟೀ ಜೊತೆ ನುಂಗಬಾರದು, ಕನಿಷ್ಠ ಒಂದು ಗಂಟೆ ಅಂತರ. ನಿಂಬೆ ಪಾನಕದ ಜೊತೆ ಒಳ್ಳೆಯದು.

ಮಂಡಿ. ಚಿಪ್ಪಿನ ಕೆಳತುದಿಯಲ್ಲಿ ಬೆರಳಿಟ್ಟು ತೋರಿಸಿದರೆ ಅದು ಜಿಗಿಯುವವರ ಮಂಡಿನೋವು, ಸ್ನಾಯುರಜ್ಜಿನದ್ದು. ಪೂರ್ತಿ ವಿಶ್ರಾಂತಿ ಕೊಟ್ಟರೆ ನೋವು ಹೋಗುತ್ತದೆ, ಹಿಂದಿರುಗಿದ ವಾರವೇ ವಾಪಸ್ ಬರುತ್ತದೆ, ಏಕೆಂದರೆ ರಜ್ಜು ಇನ್ನಷ್ಟು ಸೋತಿರುತ್ತದೆ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವುದು 45 ಸೆಕೆಂಡು, 5 ಸಲ, ನಡುವೆ 2 ನಿಮಿಷ ಬಿಡುವು. ಎರಡು ಕಾಲಲ್ಲಿ ಸುಲಭವಾದರೆ ಚೀಲ ತೊಡೆಯ ಮೇಲಿಡಿ. ಒಂದೆರಡು ವಾರದ ಮೇಲೆ ನಿಧಾನ ಸ್ಕ್ವಾಟ್, 3 ಸೆಕೆಂಡು ಕೆಳಗೆ, 3 ಸೆಕೆಂಡು ಮೇಲೆ. ಹತ್ತಕ್ಕೆ ಮೂರರಷ್ಟು ನೋವಿದ್ದರೆ ಪರವಾಗಿಲ್ಲ, ಮಾರನೇ ಬೆಳಿಗ್ಗೆ ಹೆಚ್ಚಾಗಿರಬಾರದು, ಅಷ್ಟೇ ಅಳತೆ. ಮಂಡಿ ಊದಿದ್ದರೆ, ಸಿಕ್ಕಿಹಾಕಿಕೊಂಡಂತೆ ಆದರೆ, ಜಾರಿದಂತೆ ಆದರೆ ಇದ್ಯಾವುದೂ ಅನ್ವಯಿಸುವುದಿಲ್ಲ. ಡಾಕ್ಟರ ಹತ್ತಿರ ಹೋಗಿ.

ಪಾದದ ಗಂಟು. ವಾಲಿಬಾಲ್‌ನಲ್ಲಿ ದಿಢೀರ್ ಆಗುವ ಗಾಯಗಳಲ್ಲಿ ಇದೇ ಮೊದಲು, ಮುಖ್ಯವಾಗಿ ನೆಟ್ ಕೆಳಗೆ ಎದುರಾಳಿಯ ಅಥವಾ ಜೊತೆ ಬ್ಲಾಕರ್‌ಳ ಪಾದದ ಮೇಲೆ ಇಳಿದಾಗ. ನಾರ್ವೆಯಲ್ಲಿ ಆಟಗಾರರಿಗೆ ಬ್ಯಾಲೆನ್ಸ್ ಹಲಗೆ ಅಭ್ಯಾಸದ ಜೊತೆ ನೆಟ್ ಹತ್ತಿರ ಹಾರುವ, ಇಳಿಯುವ ತಂತ್ರ ಕಲಿಸಿ ಉಳುಕನ್ನು ಅರ್ಧಕ್ಕೆ ಇಳಿಸಿದ ವರದಿ 1997ರಲ್ಲೇ ಬಂದಿದೆ. ಮುಖ್ಯ ತಂತ್ರ ಇದು: ಸ್ಮ್ಯಾಶ್‌ಗೆ ಓಡಿಬರುವಾಗ ಕೊನೆಯದಕ್ಕಿಂತ ಮುಂಚಿನ ಹೆಜ್ಜೆ ಉದ್ದ, ಕೊನೆಯ ಹೆಜ್ಜೆ ಗಿಡ್ಡ. ಆಗ ಮುಂದಕ್ಕೆ ಬರುವ ವೇಗ ಮೇಲಕ್ಕೆ ತಿರುಗುತ್ತದೆ. ಕೊನೆ ಹೆಜ್ಜೆ ಉದ್ದ ಹಾಕಿದವಳು ಮುಂದಕ್ಕೆ ಹಾರಿ ನಡುಗೆರೆ ಮೇಲೇ ಇಳಿಯುತ್ತಾಳೆ. ನೆಟ್‌ನಿಂದ 50 ಸೆಂ.ಮೀ. ದೂರದಲ್ಲಿ ಸುಣ್ಣದ ಗೆರೆ ಎಳೆದು "ಇದರ ಹಿಂದೆ ಇಳಿ" ಅನ್ನಿ. ಹಳೆ ಉಳುಕಿನವರು ದಿನಾ 5 ನಿಮಿಷ ಒಂಟಿ ಕಾಲಲ್ಲಿ ನಿಂತು ಚೆಂಡು ಪಾಸ್ ಮಾಡಲಿ, ಒಂದು ವರ್ಷವಾದರೂ ಆಂಕಲ್ ಗಾರ್ಡ್ ಹಾಕಲಿ.

ಭುಜ. ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿ ಕಂಬಕ್ಕೆ ಕಟ್ಟಿ. ಮೊಣಕೈ ಪಕ್ಕೆಗೆ ಅಂಟಿಸಿ, ನಡುವೆ ಮಡಚಿದ ಟವೆಲ್ ಸಿಕ್ಕಿಸಿ, ಮುಂಗೈಯನ್ನು ಹೊರಕ್ಕೆ ಎಳೆಯುವುದು, 15ರ 2 ಸುತ್ತು, ವಾರಕ್ಕೆ ಮೂರು ದಿನ. ಟವೆಲ್ ಬಿದ್ದರೆ ಭುಜದ ಬದಲು ಮೈ ತಿರುಗಿಸಿ ಮೋಸ ಮಾಡುತ್ತಿದ್ದಾಳೆ. ಸ್ಮ್ಯಾಶ್ ಕೂಡ ಎಣಿಕೆಯಲ್ಲಿ: ಮೊದಲ ವಾರ ಅರ್ಧ ಬಲದಲ್ಲಿ 30, ಪೂರ್ತಿ ಬಲ ನಾಲ್ಕನೇ ವಾರದಿಂದ.

ಇನ್ನೊಂದು ಮಾತು. ಸೀಸನ್ ಶುರುವಿನಲ್ಲಿ ಎಲ್ಲರ ಬೆನ್ನ ಹಿಂದೆ ನಿಂತು ಹೆಗಲ ಮೂಳೆಗಳನ್ನು ಹೋಲಿಸಿ ನೋಡಿ. ಹೊಡೆಯುವ ಕೈ ಕಡೆ, ಹೆಗಲ ಮೂಳೆಯ ಅಡ್ಡ ಏಣಿನ ಕೆಳಗೆ, ಮಾಂಸ ಕರಗಿ ಸಣ್ಣ ಹಳ್ಳ ಬಿದ್ದಂತೆ ಕಾಣುತ್ತದೆಯೇ? ವರ್ಷಗಟ್ಟಲೆ ಸ್ಮ್ಯಾಶ್, ಫ್ಲೋಟ್ ಸರ್ವ್ (ಚೆಂಡು ತಿರುಗದಂತೆ ಹೊಡೆಯುವ ಸರ್ವ್) ಮಾಡಿದವರಲ್ಲಿ ಅಲ್ಲಿನ ನರ ಎಳೆದು, ಒತ್ತಿ ಹೀಗಾಗುವುದುಂಟು. ಎಷ್ಟೋ ಸಲ ನೋವೇ ಇರುವುದಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕಂಡರೆ ತೋರಿಸಿ.

ಪಿಇ_ಮೇಡಂ_ತುಮಕೂರು

ಎಲ್ಲರಿಗೂ ಧನ್ಯವಾದ. ಮೂರು ಸಂದೇಹ. ಮರಳು ಚೀಲ ಎಷ್ಟು ಭಾರ, ಹೇಗೆ ಮಾಡುವುದು? ಹಾಕಿದ ಎರಡನೇ ದಿನಕ್ಕೇ ಒಡೆದು ಮರಳು ಸುರಿಯುತ್ತದೆ. ಸ್ಮ್ಯಾಶ್‌ಗೆ ಚೆಂಡು ಎತ್ತಿಕೊಡುವ ಸೆಟ್ಟರ್‌ಗೆ ಇದೇ ಲೆಕ್ಕವೇ? ಮತ್ತೆ, ಮ್ಯಾಚ್ ನಡುವೆ ಎರಡು ಗಂಟೆ ಕಾಯುವಾಗ ಏನು ಮಾಡಿಸಲಿ? ಹೋದ ಕಡೆಯಲ್ಲೆಲ್ಲ ಊಟ ಮಾಡಿ ಮಲಗಿಬಿಡುತ್ತಾರೆ.

ಜಿಗಿತದ_ಲೆಕ್ಕ

ಚೀಲ: ಹಳೆ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಒಂದು ತುದಿ ಮಡಚಿ ಹೊಲಿಸಿ. ಒಳಗೆ ಮರಳನ್ನು ನೇರ ಸುರಿಯಬೇಡಿ, 5 ಕೆ.ಜಿ.ಯ ಪೊಟ್ಟಣ ಮಾಡಿ, ದಪ್ಪ ಪಾಲಿಥೀನ್ ಎರಡು ಪದರ, ಟೇಪ್ ಸುತ್ತಿ. ಪೊಟ್ಟಣದಲ್ಲಿ ಸ್ವಲ್ಪ ಜಾಗ ಖಾಲಿ ಇರಲಿ, ಗಾಳಿ ಹಿಂಡಿ ತೆಗೆಯಿರಿ. ಬಿಗಿಯಾಗಿ ತುಂಬಿದ್ದೇ ಒಡೆಯುವುದು. ಎರಡು ಪೊಟ್ಟಣ ಹಾಕಿದರೆ 10 ಕೆ.ಜಿ., ಮೂರಾದರೆ 15. ಇನ್ನೊಂದು ತುದಿಗೆ ಹಗ್ಗ. ಎಂ ಸ್ಯಾಂಡ್ ನಡೆಯುತ್ತದೆ, ಆದರೆ ಅದರ ಹರಳು ಚೂಪು, ಪಾಲಿಥೀನ್ ಬೇಗ ತೂತಾಗುತ್ತದೆ. 14 ಜನಕ್ಕೆ ಏಳು ಚೀಲ ಸಾಕು, ಒಬ್ಬಳು ಮಾಡುವಾಗ ಇನ್ನೊಬ್ಬಳ ಬಿಡುವು.

ಒಂಟಿ ಕಾಲಿನ ಸ್ಕ್ವಾಟ್‌ಗೆ 10 ಕೆ.ಜಿ.ಯಿಂದ ಶುರು. ಎಂಟನೆಯದು ಮುಗಿದಾಗ ಇನ್ನೆರಡು ಮಾಡಬಹುದಿತ್ತು ಅನ್ನಿಸಬೇಕು. ಇನ್ನೈದು ಆಗುತ್ತಿತ್ತು ಅನ್ನಿಸಿದರೆ 5 ಕೆ.ಜಿ. ಏರಿಸಿ.

ಇದರ ಜೊತೆಗೆ ತೂತಾದ ವಾಲಿಬಾಲ್‌ನಿಂದ ಮೆಡಿಸಿನ್ ಬಾಲ್ ಮಾಡಿ. ಪೂರ್ತಿ ಮರಳು ತುಂಬಿದರೆ ಏಳು ಕೆ.ಜಿ. ದಾಟುತ್ತದೆ, ಎಸೆಯಲು ವಿಪರೀತ ಭಾರ. ಒಂದೂವರೆ ಲೀಟರ್ ಮರಳು, ಉಳಿದ ಜಾಗಕ್ಕೆ ಬಟ್ಟೆ ಚೂರು ತುರುಕಿ, ಪಂಕ್ಚರ್ ಅಂಗಡಿಯಲ್ಲಿ ಪ್ಯಾಚ್ ಹಾಕಿಸಿ. ಸುಮಾರು ಮೂರು ಕೆ.ಜಿ. ಬರುತ್ತದೆ. ತಲೆ ಹಿಂದಿನಿಂದ ಎರಡೂ ಕೈಯಲ್ಲಿ ಮುಂದಕ್ಕೆ ಎಸೆಯುವುದು, ಪಕ್ಕಕ್ಕೆ ತಿರುಗಿ ಎಸೆಯುವುದು, 6ರ 3 ಸುತ್ತು. ನೆಲಕ್ಕೆ ಕುಕ್ಕಿದರೆ ಪ್ಯಾಚ್ ಹಾರಿಹೋಗುತ್ತದೆ.

ಸೆಟ್ಟರ್: ಜಂಪ್ ಸೆಟ್ ಮಾಡುವವಳಾದರೆ ಜಿಗಿತ ಸ್ಮ್ಯಾಶರ್‌ಗಿಂತಲೂ ಜಾಸ್ತಿ ಆಗಬಹುದು, ಅದು ಚಿಕ್ಕ ಜಿಗಿತ ಅಂತ ಯಾರೂ ಎಣಿಸುವುದಿಲ್ಲ. ಎರಡು ಚಿಕ್ಕ ಜಿಗಿತಕ್ಕೆ ಒಂದು ಲೆಕ್ಕ ಹಿಡಿಯಿರಿ. ಆರು ಸ್ಮ್ಯಾಶರ್‌ಗಳಿಗೆ ಒಬ್ಬಳೇ ಸೆಟ್ ಕೊಡುತ್ತಾ ಹೋದರೆ ಉಳಿದವರದ್ದು 40 ಆಗುವಷ್ಟರಲ್ಲಿ ಆಕೆ ಇನ್ನೂರು ಸೆಟ್ ದಾಟಿರುತ್ತಾಳೆ. ಅರ್ಧ ಹೊತ್ತು ನೀವೇ ಕೈಯಿಂದ ಚೆಂಡು ಎಸೆದುಕೊಡಿ.

ಮಣ್ಣಿನ_ಕೋರ್ಟ್

ಕಾಯುವ ಎರಡು ಗಂಟೆಗೆ: ಮ್ಯಾಚ್ ಮುಗಿದ ಕೂಡಲೇ ಐದು ನಿಮಿಷ ನಡಿಗೆ, ಒದ್ದೆ ಜೆರ್ಸಿ ಬದಲಾವಣೆ, ನೆರಳು. ಮೊದಲ ಅರ್ಧ ಗಂಟೆಯೊಳಗೆ ಎರಡು ಇಡ್ಲಿ ಅಥವಾ ಒಂದು ಬಾಳೆಹಣ್ಣು, ಜೊತೆಗೆ ಉಪ್ಪು ಹಾಕಿದ ನಿಂಬೆ ಪಾನಕ ಅರ್ಧ ಲೀಟರ್, ಒಂದೇ ಗುಟುಕಿಗಲ್ಲ. ಆತಿಥೇಯರು ಕೊಡುವ ಬಿಸಿಬೇಳೆಬಾತ್, ಪಾಯಸ ಕೊನೆಯ ಮ್ಯಾಚ್ ಆದ ಮೇಲೆ. ಹೊಟ್ಟೆ ಬಿರಿಯ ತಿಂದವಳು ಸರ್ವ್ ರಿಸೀವ್‌ಗೆ ಬಗ್ಗುವುದಿಲ್ಲ. ಮುಂದಿನ ಮ್ಯಾಚ್‌ಗೆ ಒಂದು ಗಂಟೆ ಇರುವ ತನಕ ಮಲಗಲಿ, ಬೇಡ ಅನ್ನಬೇಡಿ. ಮೊದಲ ಮ್ಯಾಚ್‌ಗೆ ವಾರ್ಮ್‌ಅಪ್ 25 ನಿಮಿಷ, ಆಮೇಲಿನವಕ್ಕೆ 12 ಸಾಕು: 3 ನಿಮಿಷ ನಿಧಾನ ಓಟ, ಪಾಸಿಂಗ್, ಒಬ್ಬೊಬ್ಬರಿಗೆ ಐದೇ ಸ್ಮ್ಯಾಶ್. ಎದುರು ತಂಡ ನೋಡುತ್ತಿದೆ ಅಂತ ವಾರ್ಮ್‌ಅಪ್‌ನಲ್ಲೇ ಇಪ್ಪತ್ತು ಸ್ಮ್ಯಾಶ್ ಬಾರಿಸುವ ಶೋಕಿ ಇದೆಯಲ್ಲ, ಅದಕ್ಕೆ ಕಡಿವಾಣ ಹಾಕಿ.

ಫಿಸಿಯೋ_ಮೈಸೂರು

ಒಂದೇ ಸೇರ್ಪಡೆ: ಎಂಟನೇ ವಾರ ಹೊಸದೇನೂ ಬೇಡ. ಹೊಸ ಶೂ ಕೂಡ. ಶೂ ಬದಲಿಸುವುದಿದ್ದರೆ ಐದನೇ ವಾರದೊಳಗೆ ಬದಲಿಸಿ. ಹಳೆಯದನ್ನು ಬೆಂಚಿನ ಮೇಲೆ ಜೋಡಿಯಾಗಿಟ್ಟು ಹಿಂದಿನಿಂದ ನೋಡಿ, ಹಿಮ್ಮಡಿ ಒಂದು ಕಡೆ ವಾಲಿದ್ದರೆ ಅದರ ಆಯಸ್ಸು ಮುಗಿದಿದೆ.